ಹಾಸಿಗೆಯ ಲೆಕ್ಕ, ಮನೆಯ ಆಯ್ಕೆ

ಆಸ್ಪತ್ರೆಯ ಹಾಸಿಗೆ ಯಾರೊಬ್ಬರ ಸ್ವತ್ತೂ ಅಲ್ಲ. ಚಿಕಿತ್ಸೆ ಮುಗಿದವರು ಅದನ್ನು ಇನ್ನೊಬ್ಬ ರೋಗಿಗೆ ಬಿಟ್ಟುಕೊಡಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮನೆಗೆ ಮರಳಲಾಗದಷ್ಟು ದುರ್ಬಲರಾದ ವೃದ್ಧರು ಹಾಸಿಗೆ ಬಿಟ್ಟ ಮೇಲೆ ಎಲ್ಲಿ ಬದುಕಬೇಕು, ಅದನ್ನು ತೀರ್ಮಾನಿಸುವವರು ಯಾರು ಎಂಬುದು ಬೇರೆಯೇ ಪ್ರಶ್ನೆ. ಕೆನಡಾದ ಒಂಟಾರಿಯೊ ಪ್ರಾಂತ್ಯ 2022ರಲ್ಲಿ ಮಾಡಿದ ಕಾನೂನು ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿತು. ಹಾಸಿಗೆಯನ್ನು ಮರಳಿ ಕೇಳುವ ಹಕ್ಕು ಸರ್ಕಾರಕ್ಕಿದೆ. ಒಬ್ಬರ ಕೊನೆಯ ಮನೆ ಯಾವುದೆಂದು ಗೊತ್ತುಮಾಡುವ ಹಕ್ಕು ಅದರಿಂದ ತಾನಾಗಿ ಹುಟ್ಟುವುದಿಲ್ಲ ಎಂಬುದು ನನ್ನ ವಾದ.

'ಬಿಲ್ 7' ಎಂದೇ ಹೆಸರಾದ ಆ ಮಸೂದೆ ಆಗಸ್ಟ್ 18ರಂದು ಮಂಡನೆಯಾಗಿ ಅದೇ ತಿಂಗಳ 31ಕ್ಕೆ ಅಂಗೀಕಾರವಾಯಿತು. ಸಮಿತಿಯ ಮುಂದೆ ಸಾರ್ವಜನಿಕರ ಅಹವಾಲು ಕೇಳುವ ಕೆಲಸ ನಡೆಯಲೇ ಇಲ್ಲ. ಆಸ್ಪತ್ರೆಯ ಮಟ್ಟದ ಚಿಕಿತ್ಸೆ ಇನ್ನು ಬೇಕಿಲ್ಲವೆಂದು ವೈದ್ಯರು ಗುರುತಿಸಿದ ರೋಗಿ ಒಪ್ಪದಿದ್ದರೂ, ಆರೈಕೆ ಗೃಹಗಳಿಗೆ ಸೇರಿಸುವ ಸಂಯೋಜಕರು ಅವರ ಅರ್ಹತೆಯನ್ನು ನಿರ್ಧರಿಸಬಹುದು, ಆರೋಗ್ಯದ ವಿವರಗಳನ್ನು ಗೃಹಗಳಿಗೆ ಕಳಿಸಬಹುದು, ಪ್ರವೇಶವನ್ನೂ ಮಂಜೂರು ಮಾಡಬಹುದು. ಗೃಹ ದಕ್ಷಿಣ ಒಂಟಾರಿಯೊದಲ್ಲಿ 70 ಕಿಲೋಮೀಟರ್, ಉತ್ತರದಲ್ಲಿ 150 ಕಿಲೋಮೀಟರ್ ದೂರದಲ್ಲಿದ್ದರೂ ಸರಿ. ಬಿಡುಗಡೆಯಾದ ಮೇಲೂ ಹೊರಡಲೊಪ್ಪದವರಿಗೆ ಆಸ್ಪತ್ರೆ ದಿನಕ್ಕೆ 400 ಡಾಲರ್ ಶುಲ್ಕ ಹಾಕಬೇಕೆಂಬ ನಿಯಮ ಆ ವರ್ಷದ ನವೆಂಬರ್ 20ರಿಂದ ಜಾರಿಗೆ ಬಂತು.

ಸರ್ಕಾರದ ಕಡೆಯ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ವಾರ್ಡಿನಲ್ಲಿ ಹಾಸಿಗೆ ಖಾಲಿಯಾಗದಿದ್ದರೆ ತುರ್ತು ವಿಭಾಗಕ್ಕೆ ಬಂದವರು ಸ್ಟ್ರೆಚರ್ ಮೇಲೆಯೇ ಗಂಟೆಗಟ್ಟಲೆ ಕಾಯುತ್ತಾರೆ, ಶಸ್ತ್ರಚಿಕಿತ್ಸೆಗಳು ಮುಂದಕ್ಕೆ ಹೋಗುತ್ತವೆ. ಆ ನೋವೂ ನೋವೇ, ಅದನ್ನು ಉಣ್ಣುವವರಲ್ಲೂ ವೃದ್ಧರಿದ್ದಾರೆ. ಜೊತೆಗೆ, ಆಸ್ಪತ್ರೆ ಎಂಬುದು ದೀರ್ಘಕಾಲ ಉಳಿಯುವ ಜಾಗವಲ್ಲ. ಹಾಸಿಗೆ ಹಿಡಿದ ಮುದಿದೇಹ ಬೇಗ ಬಲಗುಂದುತ್ತದೆ, ಸೋಂಕು ತಗಲುತ್ತದೆ, ಮನಸ್ಸು ಗಲಿಬಿಲಿಗೊಳ್ಳುತ್ತದೆ. ಆದ್ದರಿಂದ 'ನನಗೆ ಇಷ್ಟವಾದ ಗೃಹ ಸಿಗುವವರೆಗೂ ಇಲ್ಲೇ ಇರುತ್ತೇನೆ' ಎಂಬುದನ್ನು ಮಿತಿಯಿಲ್ಲದ ಹಕ್ಕೆಂದು ನಾನೂ ಒಪ್ಪುವುದಿಲ್ಲ. ಆದರೆ ಈ ವಾದ ಸಾಧಿಸಿಕೊಡುವುದು ಆಸ್ಪತ್ರೆ ಬಿಡಬೇಕು ಎಂಬುದನ್ನಷ್ಟೇ. ಎಲ್ಲಿಗಾದರೂ ಹೋಗಬೇಕು ಎಂಬುದನ್ನು ಅದು ಸಾಧಿಸುವುದಿಲ್ಲ.

ಆರೈಕೆ ಗೃಹ ಸೇರಿದ ಬಹುಪಾಲು ವೃದ್ಧರು ಅಲ್ಲೇ ಕೊನೆಯುಸಿರೆಳೆಯುತ್ತಾರೆ. ಊಟ, ಸ್ನಾನ, ನಿದ್ದೆ, ಪಕ್ಕದಲ್ಲಿ ಮಲಗುವವರು ಎಲ್ಲವೂ ಆ ಒಂದು ತೀರ್ಮಾನಕ್ಕೆ ಅಂಟಿಕೊಂಡಿವೆ. ಎಂಬತ್ತು ದಾಟಿದ, ಕಾರು ಓಡಿಸಲಾಗದ ಹೆಂಡತಿಗೆ ಹಿಮ ಬೀಳುವ ತಿಂಗಳುಗಳಲ್ಲಿ 70 ಕಿಲೋಮೀಟರ್ ಎಂದರೆ ಗಂಡನ ಮುಖ ಕಾಣದಿರುವುದೇ ಸರಿ. ಇದು ಬರೀ ಮಮತೆಯ ಮಾತಲ್ಲ: ಸಿಬ್ಬಂದಿ ಸಾಲದ ಗೃಹಗಳಲ್ಲಿ ತುತ್ತು ತಿನ್ನಿಸುವುದು, ಹುಣ್ಣಾಗಿದ್ದನ್ನು ಮೊದಲು ಗಮನಿಸುವುದು ಎಷ್ಟೋ ಸಲ ಮನೆಯವರೇ. ಒಂಟಾರಿಯೊದ ಬ್ರಾಂಪ್ಟನ್, ಮಿಸಿಸಾಗ ನಗರಗಳಲ್ಲಿ ನೆಲೆಸಿರುವ ಕನ್ನಡದ ಹಿರಿಯರಿಗೆ ಮರೆವಿನ ರೋಗ ಬಂದರೆ ಕೊನೆಗೆ ಉಳಿಯುವುದು ತಾಯ್ನುಡಿ ಮಾತ್ರವಾಗಿರಬಹುದು. ಅದನ್ನು ಅರಿಯುವವರು ವಾರಕ್ಕೊಮ್ಮೆಯೂ ಬರಲಾಗದ ಊರಿನಲ್ಲಿ ಅವರು ನೋವೆಂದರೂ ಯಾರಿಗೂ ತಿಳಿಯದು. ಇನ್ನೊಂದು ಸರಳ ಲೆಕ್ಕವಿದೆ. ಒಳ್ಳೆಯ ಹೆಸರಿನ ಗೃಹಗಳಿಗೆ ವರ್ಷಗಟ್ಟಲೆಯ ಕಾಯುವ ಪಟ್ಟಿಯಿರುವಾಗ, ತಕ್ಷಣ ಜಾಗ ಸಿಗುವುದು ಹೆಚ್ಚಾಗಿ ಜನ ಬೇಡವೆಂದು ಬಿಟ್ಟ ಗೃಹಗಳಲ್ಲಿ. ಕೋವಿಡ್ ಕಾಲದಲ್ಲಿ ಒಂಟಾರಿಯೊದ ಆರೈಕೆ ಗೃಹಗಳಲ್ಲಿ ಸಾವಿರಾರು ಮಂದಿ ತೀರಿಕೊಂಡರು. ನೆರವಿಗೆ ಹೋದ ಕೆನಡಾ ಸೇನೆ 2020ರ ಮೇ ತಿಂಗಳಲ್ಲಿ ಐದು ಗೃಹಗಳ ದುಃಸ್ಥಿತಿಯನ್ನು ವರದಿ ಮಾಡಿತು. ಅದನ್ನೆಲ್ಲ ಕಂಡ ಜನರ ಹಿಂಜರಿಕೆ ಅನುಭವದಿಂದ ಬಂದದ್ದು, ಹಟದಿಂದಲ್ಲ.

ಯಾರನ್ನೂ ಬಲವಂತವಾಗಿ ಎತ್ತಿ ಸಾಗಿಸುವುದಿಲ್ಲ, ಕಾನೂನೇ ಅದನ್ನು ತಡೆದಿದೆ ಎಂದು ಸಮರ್ಥಕರು ಹೇಳುತ್ತಾರೆ. ನಿಜ. ಆದರೆ ತಿಂಗಳಿಗೆ 12,000 ಡಾಲರ್ ಬಿಲ್ ಎದುರಿಗಿಟ್ಟು ಪಡೆದ ಒಪ್ಪಿಗೆಯಲ್ಲಿ ಒಪ್ಪಿಗೆ ಎಷ್ಟಿರುತ್ತದೆ? ಹಣವಂತರು ಒಂದಷ್ಟು ದಿನ ತಡೆದುಕೊಂಡಾರು, ಪಿಂಚಣಿಯನ್ನೇ ನಂಬಿದವರು ಮೊದಲ ದಿನವೇ ಸೋಲುತ್ತಾರೆ. ಬೇಕಾದ ಗೃಹದ ಪಟ್ಟಿಯಲ್ಲಿ ಹೆಸರು ಉಳಿಯುತ್ತದಲ್ಲ ಎಂಬುದು ಇನ್ನೊಂದು ಸಮಾಧಾನ. ಉಳಿದಿರುವ ಆಯುಷ್ಯವೇ ಕಿರಿದಾದವರಿಗೆ, ಒಮ್ಮೆ ಹೊಸ ಜಾಗಕ್ಕೆ ಹೊಂದಿಕೊಳ್ಳುವುದೇ ಕಷ್ಟವಾದವರಿಗೆ, ಎರಡನೆಯ ಸ್ಥಳಾಂತರದ ಭರವಸೆ ತೀರ ತೆಳುವಾದದ್ದು. ನ್ಯಾಯಾಲಯವೇ ಒಪ್ಪಿದೆಯಲ್ಲ ಎಂಬುದು ಹೆಚ್ಚು ತೂಕದ ಆಕ್ಷೇಪ. ಒಂಟಾರಿಯೊ ಹೆಲ್ತ್ ಕೊಯಲಿಷನ್ ಎಂಬ ಸಂಘಟನೆ ಮತ್ತು ವೃದ್ಧರಿಗೆ ಕಾನೂನು ನೆರವು ನೀಡುವ ಒಂದು ಸಂಸ್ಥೆ ಹೂಡಿದ ದಾವೆಯನ್ನು ಪ್ರಾಂತ್ಯದ ಸುಪೀರಿಯರ್ ಕೋರ್ಟ್ 2025ರ ಜನವರಿಯಲ್ಲಿ ವಜಾಮಾಡಿತು. ಆ ಕಾನೂನು ಕೆನಡಾದ ಹಕ್ಕುಗಳ ಸನ್ನದಿಗೆ ವಿರುದ್ಧವಾಗಿಲ್ಲವೆಂದಿತು. ನ್ಯಾಯಾಲಯ ಉತ್ತರಿಸಿದ್ದು ಶಾಸಕಾಂಗಕ್ಕೆ ಹೀಗೆ ಮಾಡುವ ಅಧಿಕಾರವಿದೆಯೇ ಎಂಬ ಪ್ರಶ್ನೆಗೆ. ಅಧಿಕಾರವಿದ್ದದ್ದನ್ನೆಲ್ಲ ಮಾಡುವುದು ಸರಿಯೇ ಎಂಬುದಕ್ಕೆ ನಾಗರಿಕರೇ ಉತ್ತರ ಹುಡುಕಬೇಕು.

ನನ್ನ ಉತ್ತರ ಇದು. ಆರೈಕೆ ಗೃಹಗಳ ಕೊರತೆ ದಶಕಗಳ ಆಡಳಿತದ ನಿರ್ಲಕ್ಷ್ಯದಿಂದ ಬೆಳೆದದ್ದು, ವಾರ್ಡಿನಲ್ಲಿ ಮಲಗಿರುವ ವೃದ್ಧರಿಂದಲ್ಲ. ಕೊರತೆಯನ್ನು ಹಂಚಿಕೊಳ್ಳಬೇಕಾದಾಗ ಅತಿ ದುರ್ಬಲರ ಮೇಲೆ ಅತಿ ಹೆಚ್ಚಿನ ಭಾರ ಹೇರುವ ಕಾನೂನು, ನಿಯಮದ ಪ್ರಕಾರ ಸರಿಯಿದ್ದರೂ ನ್ಯಾಯದ್ದಲ್ಲ. ಹಾಸಿಗೆ ಬೇಕೆನ್ನುವ ಸರ್ಕಾರ ಮೊದಲು ಮನೆಯಲ್ಲೇ ಆರೈಕೆ ಪಡೆಯಲು ಸಾಕಷ್ಟು ನೆರವು ಕೊಡಲಿ, ಊರಿನ ಸಮೀಪ ತಾತ್ಕಾಲಿಕ ಆರೈಕೆಯ ಜಾಗ ತೆರೆಯಲಿ. ದೂರದ ಮಿತಿಯನ್ನು ಭೂಪಟದಿಂದ ಅಳೆಯದೆ, ನೋಡಲು ಬರುವ ಮನೆಯವರಿಗೆ ಸಾಧ್ಯವಾಗುವ ಪ್ರಯಾಣದಿಂದ ಅಳೆಯಲಿ. ದಂಡದಂಥ ಶುಲ್ಕದ ಬದಲು ಆಕ್ಷೇಪ ಕೇಳುವ ಸ್ವತಂತ್ರ ವ್ಯವಸ್ಥೆಯಿರಲಿ. ಇಷ್ಟು ಮಾಡಿದ ಮೇಲೆ 'ಇನ್ನು ಹೊರಡಿ' ಎನ್ನುವ ನೈತಿಕ ಬಲ ಸರ್ಕಾರಕ್ಕೆ ಬರುತ್ತದೆ, ಆಗ ನಿರಾಕರಿಸುವವರನ್ನು ನಾನು ಸಮರ್ಥಿಸಲಾರೆ. ಇದಕ್ಕೆ ಹಣ ಬೇಕು, ಸಮಯ ಬೇಕು. ಆ ವೆಚ್ಚವನ್ನು ತೆರಿಗೆದಾರರೆಲ್ಲ ಸೇರಿ ಹೊರುವುದೋ, ಒಬ್ಬೊಬ್ಬ ವೃದ್ಧರ ಕೊನೆಯ ವರ್ಷಗಳಿಂದ ವಸೂಲು ಮಾಡುವುದೋ ಎಂಬುದೇ ಈ ಕಾನೂನಿನ ಮೂಲದಲ್ಲಿರುವ ಆಯ್ಕೆ. ಒಂಟಾರಿಯೊ ಎರಡನೆಯದನ್ನು ಆರಿಸಿಕೊಂಡಿತು.