ನಡುವೆ ಹೊಲಿಗೆ ಇಲ್ಲದ ಕೌದಿ

ಕೂಸಿನ ಕೆಳಗೆ ಹಾಸಿದರೆ ಯಾರಿಗೂ ಏನೂ ಅನ್ನಿಸದ ರಬ್ಬರ್ ಶೀಟು, ಮುದುಕಿಯ ಕೆಳಗೆ ಹಾಸಿದರೆ ಯಾಕೆ ಅವಮಾನ ಅನ್ನಿಸುತ್ತೆ? ಶೀಟು ಅದೇ. ಒದ್ದೆಯೂ ಅದೇ. ನಮ್ಮಜ್ಜಿ ಹಾಸಿಗೆ ಹಿಡಿದಾಗ ಹುಟ್ಟಿದ ಈ ಪ್ರಶ್ನೆ, ಅಜ್ಜಿ ಹೋದ ಮೇಲೂ ನನ್ನನ್ನ ಬಿಟ್ಟಿಲ್ಲ.

ನಮ್ಮೂರು ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿ. ಭತ್ತದ ಸೀಮೆ. ನೀರು ತಡೆಯೋ ಬಟ್ಟೆ ಅನ್ನೋದು ನಮಗೆ ಹೊಸದಲ್ಲ. ಮಳೆಗೆ ಗೊಬ್ಬರದ ಚೀಲ ಮಡಚಿ ಕೊಪ್ಪೆ ಹಾಕ್ಕೋತೀವಿ, ರಾಶಿಗೆ ತಾಡಪಾಲು ಹೊದಿಸ್ತೀವಿ, ಬಾಣಂತಿ ಕೋಣೆಯಲ್ಲಿ ರಬ್ಬರ್ ಶೀಟು ಹಾಸ್ತೀವಿ. ಹಳೇ ಕಾಲದವರು ಮೇಣಬಟ್ಟೆ ಅಂತಿದ್ದರಲ್ಲ, ಅದು ನಿಜಕ್ಕೂ ಎಣ್ಣೆಯ ಬಟ್ಟೆ. ಹತ್ತಿ ಅಥವಾ ನಾರಿನ ಬಟ್ಟೆಗೆ ಕುದಿಸಿದ ಅಗಸೆ ಎಣ್ಣೆ ಬಳಿದು ಒಣಗಿಸಿದರೆ ಎಣ್ಣೆ ಗಾಳಿ ತಗೊಂಡು ಗಟ್ಟಿಯಾಗಿ, ನೀರು ಇಳಿಯದ ಪೊರೆ ಕಟ್ಟುತ್ತೆ. ನಾವು ರೊಟ್ಟಿ ಜೊತೆ ಚಟ್ನಿಪುಡಿ ಮಾಡ್ಕೊಂಡು ತಿನ್ನೋ ಅದೇ ಅಗಸೆ! ಈಗ ಎಣ್ಣೆ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ, ಹೆಸರು ರೆಕ್ಸಿನ್ ಆಗಿದೆ.

ಅಜ್ಜಿಗೆ ಹಾಸಿಗೆಯಲ್ಲೇ ಆಗೋಕೆ ಶುರುವಾದಾಗ ನಾನು ಮೊದಲು ತಂದಿದ್ದು ಫ್ಲೆಕ್ಸು. ಯಾರದೋ ಹುಟ್ಟುಹಬ್ಬದ ಬ್ಯಾನರು. 2016ರಲ್ಲೇ ರಾಜ್ಯ ಸರ್ಕಾರ ಫ್ಲೆಕ್ಸ್, ಪ್ಲಾಸ್ಟಿಕ್ ಬ್ಯಾನರು, ಊಟದ ಟೇಬಲ್ಲಿಗೆ ಹಾಸೋ ಪ್ಲಾಸ್ಟಿಕ್ ಹಾಳೆ ಎಲ್ಲಾ ನಿಷೇಧಿಸಿದೆ. ಆದರೂ ನಮ್ಮ ಕಡೆ ದನದ ಕೊಟ್ಟಿಗೆಗೆ, ಬಚ್ಚಲಿಗೆ ಅದೇ ಮರೆ. ಅಜ್ಜಿ ಅದನ್ನ ನೋಡಿ, "ಈ ಪುಣ್ಯಾತ್ಮನ ಮಾರಿ ಮ್ಯಾಲೆ ನಾನು ಮಲಗಬೇಕೇನೋ? ಓಟು ಕೇಳಾಕೆ ಬಂದಾಗ ಕೈ ಮುಗಿದಿದ್ದ ಪಾಪ" ಅಂದರು. ಎಲ್ಲರೂ ನಕ್ಕೆವು. ಅಜ್ಜಿ ನಗಲಿಲ್ಲ.

ಆಮೇಲೆ ದಾವಣಗೆರೆಗೆ ಹೋಗಿ ಬೈಕಿನ ಸೀಟು ಹೊಲಿಯೋ ಅಂಗಡಿಯಲ್ಲಿ ಎರಡು ಮೀಟರ್ ಮೆತ್ತನೆ ರೆಕ್ಸಿನ್ ತಂದೆ. ಹಾಸಿದೆವು. ಎರಡನೇ ರಾತ್ರಿ ಅವ್ವ ಎದ್ದು ನೋಡಿದರೆ ಮಂಚ ಖಾಲಿ. ಅಜ್ಜಿ ಹೇಗೋ ಜಾರಿ ಇಳಿದು ಬರೀ ನೆಲದ ಮೇಲೆ ಮುದುಡಿ ಮಲಗಿದ್ದರು. "ನೆಲ ಒರೆಸಿದ್ರೆ ಹೋಗತೈತಿ. ನಿಮ್ಮ ಹಾಸಿಗೆ ಯಾಕ ಕೆಡಬೇಕು?" ಅಂದರು.

ಆ ಮಾತು ನನಗೇ ತಾಗಬೇಕಾಗಿತ್ತು, ತಾಗಿತು. ಆ ಗಾದಿ ಹೊಸದು. ಅಂಗಡಿಯಲ್ಲಿ ರೆಕ್ಸಿನ್ ಅಳೆಸುವಾಗ ನನ್ನ ತಲೆಯಲ್ಲಿ ಇದ್ದದ್ದು ಅಜ್ಜಿಯಲ್ಲ, ಗಾದಿ. ಅಜ್ಜಿಗೆ ಅದು ಗೊತ್ತಾಗಿತ್ತು.

ಕೂಸಿಗೆ ಅವಮಾನ ಯಾಕಿಲ್ಲ ಅಂದರೆ ಅದಕ್ಕಿನ್ನೂ ಲೆಕ್ಕ ಬರಲ್ಲ. ಕೊಟ್ಟಿದ್ದಿಲ್ಲ, ಹಾಗಾಗಿ ತಗೊಳ್ಳೋದು ಭಾರ ಅಲ್ಲ. ಅಜ್ಜಿ ಎಂಬತ್ತು ವರ್ಷ ಇನ್ನೊಬ್ಬರ ಒದ್ದೆ ಬಟ್ಟೆ ಒಗೆದವರು. ಕೊಡೋ ಕೈಯೇ ತಾನು ಅಂತ ನಂಬಿದ್ದವರಿಗೆ ತಗೊಳ್ಳೋ ದಿನ ಬಂದಾಗ, ತಾನು ಯಾರು ಅನ್ನೋದೇ ತಪ್ಪಿಹೋಗುತ್ತೆ. "ಮುಪ್ಪಿನಲ್ಲಿ ಮತ್ತೆ ಮಗು ಆಗ್ತಾರೆ" ಅಂತ ನಾವು ಸಲೀಸಾಗಿ ಹೇಳ್ತೀವಿ. ಆಗಲ್ಲ. ಎಲ್ಲ ಗೊತ್ತಿದ್ದೂ ಮಗುವಿನ ಥರ ಮಲಗಬೇಕಾಗುತ್ತೆ. ಕಷ್ಟ ಇರೋದು ಅಲ್ಲೇ.

ಅವ್ವ ವಾದ ಮಾಡಲಿಲ್ಲ, ಮಿಷನ್ ಮುಂದೆ ಕೂತಳು. ರೆಕ್ಸಿನ್ ಹೊಲಿಯೋದು ಬೇರೆ ಬಟ್ಟೆ ಹೊಲಿದ ಹಾಗಲ್ಲ. ಗುಂಡುಸೂಜಿ ಚುಚ್ಚುವಂತಿಲ್ಲ, ನೂಲಿನ ಬಟ್ಟೆಯಲ್ಲಿ ತೂತು ತಾನೇ ಮುಚ್ಚಿಕೊಳ್ಳುತ್ತೆ, ಇದರಲ್ಲಿ ಹಾಗೇ ಉಳಿಯುತ್ತೆ. ಅದಕ್ಕೆ ಬಟ್ಟೆ ಒಣಗಿಸೋ ಕ್ಲಿಪ್ಪು ಹಾಕಿ ಹಿಡಿದುಕೊಂಡಳು. ಹೊಲಿಗೆ ಸಣ್ಣದಾದರೆ ಗೆರೆ ಉದ್ದಕ್ಕೂ ಹರಿಯುತ್ತೆ, ಅದಕ್ಕೆ ದೊಡ್ಡ ಹೊಲಿಗೆ. ಮಿಷನ್ನಿನ ಪಾದ ಅಂಟದ ಹಾಗೆ ಪೌಡರ್ ಸವರಿದಳು. ಕೆಳಗೆ ಅಪ್ಪನ ಹಳೇ ಪಂಚೆ, ನಡುವೆ ರೆಕ್ಸಿನ್, ಮೇಲೆ ಮೂರು ಪದರ ಅಜ್ಜಿಯದೇ ಹಳೇ ಇಳಕಲ್ ಸೀರೆ. ನಾಲ್ಕೂ ಅಂಚಿಗೆ ಮಾತ್ರ ಹೊಲಿಗೆ. ರೆಕ್ಸಿನ್ ನೇರ ಮೈಗೆ ತಾಗಿದರೆ ಬೆವರು ನಿಂತು ಚರ್ಮ ಕೆಡುತ್ತೆ, ಹಾಸಿಗೆ ಹುಣ್ಣಿಗೆ ದಾರಿ. ಹಾಗಾಗಿ ಮೇಲಿನ ಹತ್ತಿ ಬಟ್ಟೆ ಬರೀ ಮರ್ಯಾದೆಗಲ್ಲ, ಮೈಗೂ ಬೇಕು. ಅಂಥವು ಎರಡು ಹೊಲಿದಳು. ಒಂದು ಹಾಸಿಗೆ ಮೇಲೆ, ಒಂದು ನೆರಳಲ್ಲಿ ಒಣಗೋಕೆ. ಬಿಸಿಲಿಗೆ ಹಾಕಿದರೆ ರೆಕ್ಸಿನ್ ಬಿರಿಯುತ್ತೆ.

ನೋಡಿದವರಿಗೆ ಅದೊಂದು ಕೌದಿ. ಅವ್ವ ಅಜ್ಜಿಗೆ ಹೇಳಿದ್ದೂ ಅಷ್ಟೇ: "ಚಳಿ ಐತಿ, ಕೌದಿ ಹೊಲಿದೀನಿ."

ಇದು ಸುಳ್ಳಲ್ಲವಾ? ನನ್ನ ತಂಗಿ ಆಗಲೇ ಕೇಳಿದಳು. ಮುಚ್ಚಿಟ್ಟರೆ ಇದು ನಾಚಿಕೆಯ ವಿಷಯ ಅಂತ ನಾವೇ ಒಪ್ಪಿಕೊಂಡ ಹಾಗಲ್ಲವಾ? "ಇದರಲ್ಲಿ ಏನೂ ತಪ್ಪಿಲ್ಲ ಅಜ್ಜಿ, ಎಲ್ಲರ ಮೈಯೂ ಹಿಂಗೇ" ಅಂತ ಬಾಯಿಬಿಟ್ಟು ಹೇಳೋದು ಸರಿ ಅಲ್ಲವಾ? ಅವಳ ಮಾತು ತೆಗೆದುಹಾಕುವಂಥದ್ದಲ್ಲ. ನಾಳೆ ನಾನು ಮಲಗಿದಾಗ ನನಗೆ ಹಾಗೇ ಹೇಳಲಿ ಅಂತ ನನ್ನಾಸೆ. ಆದರೆ ನಾಚಿಕೆ ಬಿಡು ಅಂತ ಹೇಳೋದು ಎದ್ದು ಓಡಾಡೋರಿಗೆ ಸುಲಭ. ಮಲಗಿದವರ ತಲೆ ಹತ್ತಿರ ನಿಂತು ಮಾಡೋ ಪಾಠ, ಎಷ್ಟೇ ನಿಜ ಇದ್ದರೂ, ಮೇಲಿಂದ ಕೆಳಕ್ಕೇ ಬೀಳುತ್ತೆ.

ಅಷ್ಟಕ್ಕೂ ಅಜ್ಜಿ ಮೋಸ ಹೋದರಾ? ಜೀವನಪೂರ್ತಿ ಕೌದಿ ಹೊಲಿದ ಕೈ ಅದು. ಕೌದಿ ಅಂದರೆ ಅಂಚಿನಿಂದ ನಡುವಿನವರೆಗೂ ಸಾಲು ಸಾಲು ಹೊಲಿಗೆ ಇರಬೇಕು, ಇಲ್ಲದಿದ್ದರೆ ಪದರ ಸರಿದಾಡುತ್ತೆ. ಹಾಸಿದ ದಿನ ಅಜ್ಜಿ ಅಂಗೈಯಿಂದ ನಿಧಾನಕ್ಕೆ ಸವರುತ್ತಾ ನಡುವಿಗೆ ಬಂದು ನಿಲ್ಲಿಸಿದರು. ಸುಕ್ಕುಗಟ್ಟಿದ ಬೆರಳಿಗೆ ಹೊಲಿಗೆ ಸಿಗಲಿಲ್ಲ. ಒತ್ತಿದರೆ ಒಳಗೆ ಸಣ್ಣಗೆ ಚರ್ರ್ ಅಂದಿತು.

"ನಡುವೆ ಹೊಲಿಗೆನೇ ಹಾಕಿಲ್ವಲ್ಲೇ" ಅಂದರು.

ಅವ್ವ ಬಾಗಿಲ ಹತ್ತಿರ ನಿಂತೇ ಇದ್ದಳು. "ದಾರ ತೀರಿತ್ತು ಅತ್ತಿ" ಅಂದಳು.

ಅಜ್ಜಿ ಅವಳ ಮುಖ ನೋಡಿದರು. "ಇರಲಿ ಬಿಡು. ಅಂಚು ಚಲೋ ಕುಂತೈತಿ."

ಆಮೇಲೆ ಅಜ್ಜಿ ನೆಲಕ್ಕೆ ಇಳಿಯಲಿಲ್ಲ. ಇಬ್ಬರಿಗೂ ಗೊತ್ತಿದ್ದು, ಇಬ್ಬರೂ ಆಡದ ಮಾತನ್ನ ಸುಳ್ಳು ಅನ್ನಬೇಕಾ? ನನಗೆ ಹಾಗನ್ನಿಸಲ್ಲ. ತಂಗಿ ಇವತ್ತಿಗೂ ಒಪ್ಪಲ್ಲ. ಆ ಎರಡು ಕೌದಿಗಳಲ್ಲಿ ಒಂದನ್ನ ಮಾತ್ರ ಅವಳೇ ಕೇಳಿ ಇಸ್ಕೊಂಡು ಹೋದಳು, ಅವಳ ಕೂಸಿಗೆ.