ಊಟ ಬಲ್ಲವನಿಗೆ ರೋಗವಿಲ್ಲವೆ?

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಾವು ಇತರ ಸಾಮಾನುಗಳೊಡನೆ ಈ ಗಾದೆಯನ್ನೂ ಗಂಟು ಕಟ್ಟಿಕೊಂಡೇ ಬಂದಿದ್ದೇವೆ. ಅದರ ಉತ್ತರಾರ್ಧ ಎಷ್ಟು ನಿಜವೆಂಬುದನ್ನು ಯಾವುದೇ ಸಂಘದ ವಾರ್ಷಿಕ ಸಭೆಯಲ್ಲಿ ಕುಳಿತವರು ಬಲ್ಲರು. ನಾನಿಲ್ಲಿ ವಿಚಾರ ಮಾಡಹೊರಟಿರುವುದು ಪೂರ್ವಾರ್ಧವನ್ನು ಮಾತ್ರ. ಊಟ ಬಲ್ಲವನಿಗೆ ರೋಗವಿಲ್ಲವೆಂದಾದರೆ, ರೋಗ ಬಂದವನು ಊಟವನ್ನು ಅರಿಯದವನು ಎಂದಾಯಿತಷ್ಟೆ? ಹಾಗಿದ್ದರೆ ರೋಗವೆಂಬುದು ನಮ್ಮ ನಡತೆಯ ಮೇಲೆ ಬಿದ್ದ ತೀರ್ಪೇ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ, ರಕ್ತಪರೀಕ್ಷೆಯ ಕಾಗದದಿಂದ ಬಂದದ್ದು. ನನಗೀಗ ನಾಲ್ವತ್ತಾರು ವರ್ಷ. ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತ. ಎರಡು ವರ್ಷಗಳ ಹಿಂದೆ ಪರೀಕ್ಷೆ ಮಾಡಿಸಿದಾಗ ಒಟ್ಟು ಕೊಲೆಸ್ಟರಾಲ್ 296, ಅದರಲ್ಲಿ ರಕ್ತನಾಳಕ್ಕೆ ಅಂಟಿಕೊಳ್ಳುವ ಎಲ್‌.ಡಿ.ಎಲ್‌. ಎಂಬ ಪಾಲು 214 ಎಂದು ಬಂತು. ನಾನು ಬೀಡಿ ಸಿಗರೇಟು ಮುಟ್ಟಿದವನಲ್ಲ. ನನಗೆ ಬೊಜ್ಜೂ ಇಲ್ಲ. ಡಾಕ್ಟರರು ಮಾತ್ರೆ ಬರೆದರು. ನಾನು ಚೀಟಿಯನ್ನು ಮಡಚಿ ಕಿಸೆಗೆ ಹಾಕಿ, “ಮೊದಲು ಪಥ್ಯ ಮಾಡಿ ನೋಡುತ್ತೇನೆ ಸಾರ್” ಎಂದೆ. “ಪಥ್ಯವನ್ನೂ ಮಾಡಿ, ಮಾತ್ರೆಯನ್ನೂ ತೆಗೆದುಕೊಳ್ಳಿ” ಎಂದರು ಅವರು. ಆ ಮಾತು ನನಗೆ ರುಚಿಸಲಿಲ್ಲ. ಮಾತ್ರೆ ನುಂಗುವುದೆಂದರೆ ಸೋತೆನೆಂದು ಸಹಿ ಹಾಕಿಕೊಟ್ಟಂತೆ ಎಂಬ ಭಾವನೆ ನನ್ನದು.

ಈ ಭಾವನೆಯ ಬೇರು ಎಲ್ಲಿತ್ತೆಂದು ಹೇಳಬೇಕಾದರೆ ನನ್ನ ತಂದೆಯವರ ವಿಷಯ ಹೇಳಬೇಕು. ದೇಶ ವಿಭಜನೆಯ ನಂತರ ಕಲ್ಯಾಣದ ಮಿಲಿಟರಿ ಕ್ಯಾಂಪಿನಲ್ಲಿ ಆಶ್ರಯ ಪಡೆದ ಸಿಂಧಿ ನಿರಾಶ್ರಿತರ ನೆಲೆಗೆ 1949ರಲ್ಲಿ ಉಲ್ಹಾಸನಗರವೆಂದು ಹೆಸರಾಯಿತು. ಇಂದಿಗೂ ಇಲ್ಲಿ ವಿಳಾಸ ಹೇಳುವುದು ಕ್ಯಾಂಪ್‌ ನಂಬರಿನಿಂದಲೇ. ಕುಂದಾಪುರದ ಕಡೆಯಿಂದ ಬಂದ ನನ್ನ ತಂದೆಯವರು ಇಲ್ಲಿಯ ಒಂದು ಹೋಟೆಲಿನಲ್ಲಿ ಎಣ್ಣೆಯ ಬಾಣಲೆಯ ಮುಂದೆ ಆಯುಷ್ಯ ಕಳೆದರು. 2000ನೇ ಇಸವಿಯಲ್ಲಿ, ತಮ್ಮ ಐವತ್ತೊಂದನೇ ವಯಸ್ಸಿನಲ್ಲಿ, ಬೆಳಗಿನ ಪಾಳಿಗೆ ಹೊರಟವರು ಹೊಸ್ತಿಲಲ್ಲೇ ಕುಸಿದರು. ನಾನಾಗ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಬೊಜ್ಜಕ್ಕೆ ಬಂದ ನೆಂಟರು, “ಹೋಟೆಲಿನ ಕರಿದ ತಿಂಡಿಯೇ ತಿಂದಿತು, ಬಾಯಿ ಕಟ್ಟಬೇಕಿತ್ತು” ಎಂದರು. ನಾಲ್ಕಕ್ಷರ ಕಲಿತ ನಾನೂ ಅಮ್ಮನೆದುರು ಅದೇ ಮಾತನ್ನು ಆಡಿದೆ. ಅಮ್ಮ ಏನೂ ಹೇಳಲಿಲ್ಲ. ಅಂದಿನಿಂದ ತಂದೆಯವರು ನನ್ನ ಮನಸ್ಸಿನಲ್ಲಿ ನಾಲಗೆ ಗೆಲ್ಲದೆ ಸತ್ತವರು. ನಾನು ಗೆದ್ದು ತೋರಿಸಬೇಕಾದವನು.

ಸರಿ, ತಪಸ್ಸು ಆರಂಭವಾಯಿತು. ನಮ್ಮ ಕರಾವಳಿಯ ಅಡಿಗೆಯ ಜೀವಾಳವಾದ ತೆಂಗಿನೆಣ್ಣೆಯನ್ನು ಬಿಟ್ಟೆ. ತೆಂಗಿನೆಣ್ಣೆಯಲ್ಲಿ ಕೊಲೆಸ್ಟರಾಲ್‌ ಇಲ್ಲವೆಂಬುದು ನಿಜ. ಸಸ್ಯಜನ್ಯವಾದ ಯಾವ ಆಹಾರದಲ್ಲೂ ಇಲ್ಲವೆನ್ನಬಹುದು. ಆದರೆ ಅದರಲ್ಲಿ ನೂರಕ್ಕೆ ಎಂಬತ್ತಕ್ಕೂ ಮಿಕ್ಕಿ ಇರುವುದು ಪರ್ಯಾಪ್ತ ಕೊಬ್ಬು, ಸ್ಯಾಚುರೇಟೆಡ್‌ ಎನ್ನುತ್ತಾರಲ್ಲ, ಅದು. ರಕ್ತದ ಎಲ್‌.ಡಿ.ಎಲ್‌. ಅನ್ನು ಏರಿಸುವುದು ಮುಖ್ಯವಾಗಿ ಈ ಕೊಬ್ಬು. ತುಪ್ಪ, ಬೆಣ್ಣೆಗಳದ್ದೂ ಅದೇ ಜಾತಿ. ವನಸ್ಪತಿಯಲ್ಲಿದ್ದ ಟ್ರಾನ್ಸ್‌ ಕೊಬ್ಬು ಇವೆಲ್ಲಕ್ಕಿಂತ ಕೆಟ್ಟದೆಂದು ಕಂಡು ಸರಕಾರವೇ 2022ರಿಂದ ಅದನ್ನು ಶೇಕಡಾ 2ರ ಮಿತಿಗೆ ಇಳಿಸಿದೆ. ಬೇಳೆ, ಹುರುಳಿ, ಓಟ್ಸ್‌, ಸೊಪ್ಪು ತರಕಾರಿಗಳನ್ನು ಹೆಚ್ಚಿಸಿದೆ. ಅವುಗಳ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಹೊರಹಾಕುವುದರಿಂದ, ಹೊಸ ಪಿತ್ತಕ್ಕಾಗಿ ಯಕೃತ್ತು ರಕ್ತದ ಕೊಲೆಸ್ಟರಾಲನ್ನು ಖರ್ಚು ಮಾಡಬೇಕಾಗುತ್ತದೆ. ನಸುಕಿನಲ್ಲೆದ್ದು ಗೋಲ್‌ ಮೈದಾನದಲ್ಲಿ ಸುತ್ತು ಹಾಕಿ, ಆಮೇಲೆ ಲೋಕಲ್‌ ಹಿಡಿದೆ. ಕಚೇರಿಯಲ್ಲಿ ಮಾತ್ರೆಯನ್ನೂ ವಡಾಪಾವನ್ನೂ ಒಟ್ಟಿಗೆ ತಿನ್ನುವ ಸಹೋದ್ಯೋಗಿಯೊಬ್ಬರಿಗೆ ಸಂಯಮದ ಬಗ್ಗೆ ಉಪದೇಶವನ್ನೂ ಮಾಡಿದೆ. ಎಂಟು ತಿಂಗಳಾದ ಮೇಲೆ ಪರೀಕ್ಷೆ ಮಾಡಿಸಿದರೆ 214 ಇದ್ದದ್ದು 188ಕ್ಕೆ ಇಳಿದಿತ್ತು, ಅಷ್ಟೇ. ಆ ಸಹೋದ್ಯೋಗಿಯದ್ದು 92!

ನನ್ನ ಪೆಚ್ಚು ಮೋರೆಯನ್ನು ನೋಡಿ ಡಾಕ್ಟರರು ತಿಳಿಸಿ ಹೇಳಿದರು. ಕೊಲೆಸ್ಟರಾಲ್‌ ವಿಷವಲ್ಲ, ದೇಹದ ಪ್ರತಿಯೊಂದು ಜೀವಕೋಶದ ಹೊದಿಕೆಗೂ, ಕೆಲವು ಹಾರ್ಮೋನುಗಳಿಗೂ, ಪಿತ್ತರಸಕ್ಕೂ ಅದು ಬೇಕು. ಅದರ ಹೆಚ್ಚಿನ ಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ತಟ್ಟೆಯಿಂದ ಬರುವುದು ಸಣ್ಣ ಪಾಲು. ಪಥ್ಯದಿಂದ ಎಲ್‌.ಡಿ.ಎಲ್‌. ಸಾಮಾನ್ಯವಾಗಿ ಶೇಕಡಾ 10-15ರಷ್ಟು ಇಳಿದೀತು. ನಡಿಗೆಯಿಂದ ಹೃದಯಕ್ಕೆ, ತೂಕಕ್ಕೆ, ಸಕ್ಕರೆಗೆ ಬಹಳ ಲಾಭ, ಎಲ್‌.ಡಿ.ಎಲ್‌. ಮಾತ್ರ ಅದಕ್ಕೆ ಅಷ್ಟಾಗಿ ಜಗ್ಗುವುದಿಲ್ಲ. ರಕ್ತದಿಂದ ಎಲ್‌.ಡಿ.ಎಲ್‌. ಅನ್ನು ಒಳಕ್ಕೆಳೆದುಕೊಳ್ಳುವ ಬಾಗಿಲುಗಳಂಥ ಗ್ರಾಹಕಗಳು ಯಕೃತ್ತಿನ ಕೋಶಗಳ ಮೇಲಿರುತ್ತವೆ. ಇದನ್ನು ಕಂಡುಹಿಡಿದ ಅಮೆರಿಕದ ಬ್ರೌನ್‌ ಮತ್ತು ಗೋಲ್ಡ್‌ಸ್ಟೈನ್‌ ಎಂಬ ವೈದ್ಯರಿಗೆ 1985ರಲ್ಲಿ ನೊಬೆಲ್‌ ಪಾರಿತೋಷಕ ದೊರೆಯಿತು. ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ಈ ಬಾಗಿಲುಗಳು ಕಡಿಮೆ. ಸುಮಾರು 250-300 ಮಂದಿಗೆ ಒಬ್ಬರಂತೆ ಇಂಥವರಿದ್ದಾರೆ. ಇವರ ಮಕ್ಕಳಿಗೆ ಇದು ಬರುವ ಸಂಭವ ಅರ್ಧಕ್ಕರ್ಧ. ಇಷ್ಟು ಹೇಳಿ ಅವರು ಕೇಳಿದರು: “ನಿಮ್ಮ ತಂದೆಯವರು ಯಾವ ವಯಸ್ಸಿನಲ್ಲಿ ತೀರಿಕೊಂಡರು?”

ಆ ರಾತ್ರಿ ಊಟವಾದ ಮೇಲೆ ನಾನು ಅಮ್ಮನ ಬಳಿ ಕುಳಿತು, ಅಂದು ಆಡಿದ ಮಾತು ತಪ್ಪಾಗಿತ್ತೆಂದು ಹೇಳಿದೆ. ಇಪ್ಪತ್ತನಾಲ್ಕು ವರ್ಷ ಕಾದಿದ್ದವರಂತೆ ಅಮ್ಮ ನಿಧಾನವಾಗಿ ಅಂದರು: “ಅವ್ರ್‌ ಎಣ್ಣಿ ಮುಂದೆ ನಿಂತದ್ದನ್ನ ಎಲ್ರೂ ಕಂಡಿದ್ರ್‌ ಮಗಾ. ರಾತ್ರಿ ಬಂದ್‌ ಗಂಜಿ ಉಂಡದ್ದನ್ನ ನಾ ಒಬ್ಳೇ ಕಂಡದ್ದ್‌.” ದಿನವಿಡೀ ಕರಿದವರಿಗೆ ಕರಿದದ್ದರ ವಾಸನೆಯೇ ಬೇಡವಾಗಿತ್ತಂತೆ. ತಂದೆಯವರ ರಕ್ತವನ್ನು ಯಾರೂ ಪರೀಕ್ಷಿಸಿರಲಿಲ್ಲ. ಆದ್ದರಿಂದ ಅವರ ಸಾವಿನ ಕಾರಣ ಇಂಥದ್ದೇ ಎಂದು ನಾನು ಹೇಳಲಾರೆ. ಸಾಕ್ಷ್ಯವಿಲ್ಲದೆ ನಾನು ತೀರ್ಪು ಕೊಟ್ಟಿದ್ದೆ ಎಂಬುದನ್ನು ಮಾತ್ರ ಹೇಳಬಲ್ಲೆ.

ನಾವು ಹೀಗೇಕೆ ಮಾಡುತ್ತೇವೆ? ನನಗೆ ತೋರುವುದಿಷ್ಟು. ಸತ್ತವನಲ್ಲಿ ಒಂದು ತಪ್ಪು ಸಿಕ್ಕಿದರೆ ಬದುಕಿರುವವರಿಗೆ ಧೈರ್ಯ: ಆ ತಪ್ಪನ್ನು ನಾನು ಮಾಡುವುದಿಲ್ಲ, ಆದ್ದರಿಂದ ನನಗೇನೂ ಆಗದು. 2021ರ ಅಕ್ಟೋಬರ್‌ 29ರಂದು ನಟ ಪುನೀತ್‌ ರಾಜ್‌ಕುಮಾರ್‌ 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಕನ್ನಡಿಗರೆಲ್ಲ ತಮ್ಮ ಮನೆಯವರೇ ಹೋದಂತೆ ದುಃಖಿಸಿದರು. ಆದರೆ ಅಂಗಸಾಧನೆಗೆ ಹೆಸರಾದ ಅವರಲ್ಲಿ ತಪ್ಪು ಕಾಣದೆ ಕೆಲವರು “ವ್ಯಾಯಾಮ ಅತಿಯಾಯಿತು” ಎಂದರು, ಮತ್ತೆ ಕೆಲವರು “ಹಾಗಾದರೆ ವ್ಯಾಯಾಮ ಮಾಡಿ ಏನು ಪ್ರಯೋಜನ?” ಎಂದರು. ಎರಡೂ ಒಂದೇ ತಪ್ಪಿನ ಎರಡು ಮುಖಗಳು. ವ್ಯಾಯಾಮ ಅಪಾಯವನ್ನು ಕಡಿಮೆ ಮಾಡುತ್ತದೆ, ಮುಚ್ಚಳಿಕೆ ಬರೆದುಕೊಡುವುದಿಲ್ಲ.

ನಮ್ಮ ಹಿರಿಯರು ದೈವ, ಪುರುಷಪ್ರಯತ್ನ ಎಂಬ ಎರಡು ಮಾತುಗಳನ್ನು ಬಳಸುತ್ತಿದ್ದರು. ಬಿ.ಎಸ್ಸಿ. ಓದಿದ ಹುಮ್ಮಸ್ಸಿನಲ್ಲಿ ನಾನು ಮೊದಲನೆಯದನ್ನು ಮೂಢನಂಬಿಕೆಯೆಂದು ತಳ್ಳಿಹಾಕಿದ್ದೆ. ಈಗ ನೋಡಿದರೆ, ನಾನು ಆರಿಸಿಕೊಳ್ಳದೆ ನನ್ನ ಪಾಲಿಗೆ ಬಂದದ್ದಕ್ಕೆ ಆ ಹೆಸರು ಸಲ್ಲುತ್ತದೆ. ಮಾತ್ರೆಯೋ, ಅದೂ ಪುರುಷಪ್ರಯತ್ನವೇ. ನನ್ನದಲ್ಲ, ಇತರರದು, ಅಷ್ಟೆ. ಜಪಾನಿನ ಅಕಿರಾ ಎಂಡೊ ಎಂಬ ವಿಜ್ಞಾನಿ ಸುಮಾರು 6,000 ಸೂಕ್ಷ್ಮಜೀವಿಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕ್ಯೋಟೊ ನಗರದ ಧಾನ್ಯದಂಗಡಿಯ ಅಕ್ಕಿಯಲ್ಲಿದ್ದ ಬೂಷ್ಟಿನಿಂದ 1973ರಲ್ಲಿ ಮೊದಲ ಸ್ಟಾಟಿನ್‌ ದ್ರವ್ಯವನ್ನು ಪಡೆದರು. ಅದು ಯಕೃತ್ತಿನಲ್ಲಿ ಕೊಲೆಸ್ಟರಾಲಿನ ತಯಾರಿಕೆಯನ್ನು ತಡೆಯುತ್ತದೆ. ಕೊರತೆ ಕಂಡ ಯಕೃತ್ತು ಹೆಚ್ಚು ಬಾಗಿಲು ತೆರೆದು ರಕ್ತದಿಂದ ಎಳೆದುಕೊಳ್ಳುತ್ತದೆ. 1994ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯದ ಅಧ್ಯಯನವೊಂದರಲ್ಲಿ, ಮೊದಲೇ ಹೃದ್ರೋಗವಿದ್ದ 4,444 ಮಂದಿಯಲ್ಲಿ ಇಂಥ ಮಾತ್ರೆ ಪಡೆದವರ ಸಾವು ಶೇಕಡಾ 30ರಷ್ಟು ಕಡಿಮೆಯಾಗಿತ್ತು. ಅಪರಿಚಿತರ ಈ ಶ್ರಮದ ಫಲವನ್ನು ಪಡೆಯುವುದು ಸೋಲಾದರೆ, ಅನ್ಯರು ಬೆಳೆದ ಅಕ್ಕಿಯನ್ನುಣ್ಣುವುದೂ ಸೋಲೇ! ಕೆಲವರಿಗೆ ಮಾತ್ರೆಯಿಂದ ಸ್ನಾಯುನೋವು ಬರುವುದುಂಟು, ಸಕ್ಕರೆ ತುಸು ಏರುವುದುಂಟು. ಅದನ್ನು ಡಾಕ್ಟರರಿಗೆ ಹೇಳಬೇಕೇ ಹೊರತು ನೆರೆಯವರ ಮಾತು ಕೇಳಿ ತಾನಾಗಿ ನಿಲ್ಲಿಸಬಾರದು.

ತಪ್ಪು ನನ್ನದಲ್ಲವೆಂದ ಮೇಲೆ ಬಾಯಿ ಕಟ್ಟುವುದೇಕೆ ಎಂದು ಯಾರಾದರೂ ಕೇಳಬಹುದು. ಹಾಗಲ್ಲ. ತಂದೆ ಬಿಟ್ಟುಹೋದ ಸಾಲವನ್ನು ನಾನು ಮಾಡದಿದ್ದರೂ ತೀರಿಸುವ ಹೊಣೆ ನನ್ನ ಮೇಲೆಯೇ. ದೋಷವಿಲ್ಲದಲ್ಲಿಯೂ ಹೊಣೆಯಿರುತ್ತದೆ. ಆ ಹೊಣೆಯನ್ನು ಹೊರುವ ಅನುಕೂಲವಾದರೂ ಎಲ್ಲರಿಗೂ ಸಮನಾಗಿಲ್ಲ. ನಡುರಾತ್ರಿ ಬಾಗಿಲು ಹಾಕಿದ ಮೇಲೆ ಉಳಿದದ್ದನ್ನು ಉಣ್ಣುವ ಹೋಟೆಲಿನ ಹುಡುಗನಿಗೆ ಓಟ್ಸಿನ ಮಹಿಮೆಯನ್ನೂ ಬೆಳಗಿನ ನಡಿಗೆಯನ್ನೂ ಬೋಧಿಸುವ ಮುನ್ನ, ಅವನ ದುಡಿಮೆಯ ವೇಳೆ ಎಷ್ಟೆಂದು ಕೇಳುವುದು ಧರ್ಮ.

ನಾನೀಗ ಮಾತ್ರೆ ತೆಗೆದುಕೊಳ್ಳುತ್ತೇನೆ. ಪಥ್ಯವನ್ನೂ ಗೋಲ್‌ ಮೈದಾನವನ್ನೂ ಬಿಟ್ಟಿಲ್ಲ. ಕಳೆದ ಸಲ ಎಲ್‌.ಡಿ.ಎಲ್‌. 97 ಇತ್ತು. ನನ್ನ ಇಬ್ಬರು ಮಕ್ಕಳ ರಕ್ತವನ್ನೂ ಪರೀಕ್ಷೆ ಮಾಡಿಸಿದೆ. ಮಗಳದ್ದು ಸರಿಯಿದೆ, ಹದಿನೈದರ ಮಗನದ್ದು ನನ್ನಂತೆಯೇ ಹೆಚ್ಚಿದೆ. ಭಾರತೀಯ ಹೃದ್ರೋಗ ತಜ್ಞರ ಸಂಸ್ಥೆ 2024ರಲ್ಲಿ ಹೊರಡಿಸಿದ ಸೂಚನೆಗಳ ಪ್ರಕಾರ ಹದಿನೆಂಟರಲ್ಲೇ ಒಮ್ಮೆ ಪರೀಕ್ಷೆಯಾಗಬೇಕು; ಮನೆತನದಲ್ಲಿ ಎಳೆ ವಯಸ್ಸಿನ ಹೃದಯಾಘಾತವಿದ್ದರೆ ಅದಕ್ಕೂ ಮುಂಚೆ. ಓದುಗರು ತಮ್ಮ ಮನೆಯಲ್ಲಿ ಅಂಥದ್ದಿದ್ದರೆ ಉಪೇಕ್ಷಿಸಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಕಾಗದ ನೋಡಿದ ಮಗ, “ಅಪ್ಪಾ, ನಾನೇನು ತಪ್ಪು ಮಾಡಿದೆ?” ಎಂದು ಕೇಳಿದ. “ಏನೂ ಇಲ್ಲ ಮಗಾ. ನಾಳೆಯಿಂದ ನನ್ನ ಜತೆ ಬೆಳಿಗ್ಗೆ ಬಾ” ಎಂದೆ. ಬರುತ್ತಿದ್ದಾನೆ. ಗಾದೆಯನ್ನು ನಾನು ತೊರೆದಿಲ್ಲ. ಅದನ್ನು ನನಗೆ ಹೇಳಿಕೊಳ್ಳಬಹುದು, ರೋಗಿಯ ಹಾಸಿಗೆಯ ಬಳಿ ನಿಂತು ಹೇಳಬಾರದು.