ಒಂದು ಅಂಕದ ಸೋಲು

ರೇಸ್ ಚಾಲಕ ಸ್ಟರ್ಲಿಂಗ್ ಮಾಸ್ 2020ರ ಏಪ್ರಿಲ್ 12ರಂದು, ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡರು. ವಿಶ್ವ ಚಾಂಪಿಯನ್ ಆಗದ ಚಾಲಕರಲ್ಲಿ ಇವರೇ ಶ್ರೇಷ್ಠರು ಎಂಬ ಮಾತು ಶ್ರದ್ಧಾಂಜಲಿಗಳಲ್ಲಿ ಮತ್ತೆ ಮತ್ತೆ ಬಂತು. 66 ಫಾರ್ಮುಲಾ ಒನ್ ರೇಸ್‌ಗಳಲ್ಲಿ 16 ಗೆಲುವು. 1955ರಿಂದ 1958ರವರೆಗೆ ಚಾಂಪಿಯನ್‌ಶಿಪ್‌ನಲ್ಲಿ ಸತತ ನಾಲ್ಕು ಬಾರಿ ಎರಡನೇ ಸ್ಥಾನ. ಹೊಗಳಿಕೆಯೇನೋ ನಿಜ, ಆದರೆ ಅದರಲ್ಲಿ ಕನಿಕರವೂ ಬೆರೆತಿದೆ. ಆ ಕನಿಕರಕ್ಕೆ ಎಡೆಯಿಲ್ಲ ಎನ್ನುವ ವಾದವೊಂದು ಎರಡು ಸಾವಿರ ವರ್ಷಗಳಿಗಿಂತ ಹಳೆಯದು.

ಸ್ಟೋಯಿಕ್ ದಾರ್ಶನಿಕರ ಆ ವಾದವನ್ನು ರೋಮಿನ ಸಿಸೆರೊ ಕ್ರಿ.ಪೂ. 45ರಲ್ಲಿ ಬರೆದ ಗ್ರಂಥದಲ್ಲಿ ಬಿಲ್ಲುಗಾರನ ಉದಾಹರಣೆಯಿಂದ ವಿವರಿಸುತ್ತಾನೆ. ಬಿಲ್ಲುಗಾರ ಗುರಿಯಿಟ್ಟು ಹೊಡೆಯುತ್ತಾನೆ, ಅದಕ್ಕಾಗಿ ತನ್ನಿಂದಾಗುವುದನ್ನೆಲ್ಲ ಮಾಡುತ್ತಾನೆ. ಹೆದೆ ಬಿಟ್ಟ ಬಾಣ ಮಾತ್ರ ಅವನ ಕೈಯಲ್ಲಿರುವುದಿಲ್ಲ. ಗಾಳಿ ಬೀಸಬಹುದು, ಗುರಿಯೇ ಕದಲಬಹುದು. ಹಾಗಾಗಿ ಅವನ ಕೆಲಸ ಪೂರ್ತಿಯಾಯಿತೇ ಎಂಬುದನ್ನು ಬಾಣ ಬಿಡುವವರೆಗಿನ ನಡೆಯಿಂದ ಅಳೆಯಬೇಕು. ಕನ್ನಡದ ಓದುಗರಿಗೆ ಇಲ್ಲಿ ಗೀತೆಯ ಎರಡನೆಯ ಅಧ್ಯಾಯ ನೆನಪಾಗುವುದು ಸಹಜ. ಫಲ ನಮ್ಮ ಹಕ್ಕಲ್ಲ ಎಂಬುದನ್ನು, ಫಲ ಏನಾದರೇನು ಎಂಬ ಉದಾಸೀನಕ್ಕೆ ಸಮರ್ಥನೆಯಾಗಿ ನಾವು ಎಷ್ಟೋ ಸಲ ಬಳಸುತ್ತೇವೆ. ಅದೇ ಅಧ್ಯಾಯ ಕರ್ಮದಲ್ಲಿನ ಕೌಶಲವನ್ನೇ ಯೋಗವೆಂದು ಕರೆದಿರುವುದು ಆಗ ನೆನಪಾಗುವುದಿಲ್ಲ.

ಹಾಗಾದರೆ ಸೋತವರೂ ಗೆದ್ದವರೂ ಒಂದೇ ಆಗಿಬಿಟ್ಟರಲ್ಲ, ಸ್ಪರ್ಧೆ ಏಕೆ ಎಂದು ಕೇಳಬಹುದು. 1958ರ ಪೋರ್ಚುಗಲ್ ಗ್ರ್ಯಾನ್ ಪ್ರಿಯಲ್ಲಿ ಇದಕ್ಕೆ ಉತ್ತರವಿದೆ. ಪೋರ್ತೊ ನಗರದಲ್ಲಿ ನಡೆದ ಆ ರೇಸನ್ನು ಮಾಸ್ ಗೆದ್ದರು. ಚಾಂಪಿಯನ್‌ಶಿಪ್‌ಗೆ ಅವರ ಪ್ರತಿಸ್ಪರ್ಧಿಯಾಗಿದ್ದ ಮೈಕ್ ಹಾಥಾರ್ನ್ ಎರಡನೆಯವರಾದರು. ಜಾರಿ ನಿಂತುಹೋದ ಕಾರನ್ನು ಮತ್ತೆ ಹೊರಡಿಸುವಾಗ ಹಾಥಾರ್ನ್ ಅದನ್ನು ರೇಸಿನ ದಿಕ್ಕಿಗೆ ವಿರುದ್ಧವಾಗಿ ಓಡಿಸಿದರೆಂಬ ಆರೋಪ ಬಂತು, ಅನರ್ಹತೆ ತಲೆಯ ಮೇಲೆ ತೂಗಿತು. ಕಾರು ಆಗ ಟ್ರ್ಯಾಕ್ ಮೇಲಿರಲಿಲ್ಲ, ಪಕ್ಕದ ಕಾಲುದಾರಿಯಲ್ಲಿತ್ತು ಎಂದು ಎದುರಾಳಿಯ ಪರ ಸಾಕ್ಷಿ ಹೇಳಿದವರು ಮಾಸ್. ಎರಡನೇ ಸ್ಥಾನದ 6 ಅಂಕ ಹಾಥಾರ್ನ್‌ಗೆ ಉಳಿಯಿತು. ಕಾಸಾಬ್ಲಾಂಕಾದ ಕೊನೆಯ ರೇಸಿನಲ್ಲಿ ಮಾಸ್ ಗೆಲುವನ್ನೂ ಅತಿ ವೇಗದ ಸುತ್ತನ್ನೂ ತಮ್ಮದಾಗಿಸಿಕೊಂಡರು, ಅದಕ್ಕಿಂತ ಹೆಚ್ಚಿನದು ಅಲ್ಲಿ ಸಾಧ್ಯವೇ ಇರಲಿಲ್ಲ. ಆದರೂ ಲೆಕ್ಕ 42ಕ್ಕೆ 41. ಆ ವರ್ಷ ಮಾಸ್ ಗೆದ್ದ ರೇಸ್‌ಗಳು ನಾಲ್ಕು, ಹಾಥಾರ್ನ್ ಗೆದ್ದದ್ದು ಒಂದೇ. ಪೋರ್ತೊದಲ್ಲಿ ಸುಮ್ಮನಿದ್ದಿದ್ದರೆ ಪಟ್ಟ ಸಿಗುತ್ತಿತ್ತು, ಆದರೆ ಅದು ಬಾಣ ಬಿದ್ದಲ್ಲಿಗೆ ಗುರಿಯನ್ನು ಎಳೆದು ತಂದಂತಾಗುತ್ತಿತ್ತು. ಗುರಿಯನ್ನು ಕದಲಿಸದೆ ಗೆಲ್ಲಲು ಹೊರಟವರಿಗೆ ಸ್ಪರ್ಧೆ ಎಂದೂ ಹಗುರವಾಗುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಪ್ರಯತ್ನವೇ ಮುಖ್ಯವಾದರೆ ಹುಚ್ಚು ಸಾಹಸವನ್ನೂ ಗೌರವಿಸಬೇಕಲ್ಲವೇ? 1979ರಲ್ಲಿ ನೆದರ್‌ಲೆಂಡ್ಸ್‌ನ ಜಾಂಡ್‌ವೂರ್ಟ್‌ನಲ್ಲಿ ನಡೆದ ರೇಸಿನಲ್ಲಿ ಚಾಲಕ ಜಿಲ್ ವಿಲ್ನೆವ್ ಟೈರ್ ಒಡೆದ ಫೆರಾರಿಯನ್ನು ಮೂರು ಚಕ್ರಗಳ ಮೇಲೆ ಪಿಟ್‌ವರೆಗೂ ಓಡಿಸಿ ತಂದರು. ಬರುವಷ್ಟರಲ್ಲಿ ಕಾರು ದುರಸ್ತಿಯ ಹಂತ ದಾಟಿತ್ತು. ಅಭಿಮಾನಿಗಳು ಇದನ್ನು ಕೊಂಡಾಡುತ್ತಾರೆ, ನನಗೆ ಒಪ್ಪಿಗೆಯಿಲ್ಲ. ತನ್ನಿಂದಾಗುವುದನ್ನೆಲ್ಲ ಮಾಡುವುದರಲ್ಲಿ ವಿವೇಚನೆಯೂ ಸೇರಿದೆ. ಗಾಳಿಯ ಪರಿವೆಯಿಲ್ಲದೆ ಹೊಡೆಯುವ ಬಿಲ್ಲುಗಾರನಲ್ಲಿ ಆವೇಶವಿದ್ದೀತು, ಶ್ರಮ ಪೂರ್ಣವಾಗಿರುವುದಿಲ್ಲ. 1961ರ ಮೊನಾಕೊ ರೇಸಿನಲ್ಲಿ ಹೆಚ್ಚು ಶಕ್ತಿಯ ಫೆರಾರಿಗಳನ್ನು ಹಳೆಯ ಲೋಟಸ್‌ನಿಂದ ಮಾಸ್ ಹಿಂದಿಕ್ಕಿದ್ದು, ಲೆಕ್ಕಾಚಾರವೂ ಧೈರ್ಯವೂ ಕೂಡಿದಾಗ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ.

ಹಾಗೆಂದು ಮಾಸ್ ಅವರನ್ನು ಪಟ್ಟವಿಲ್ಲದ ಚಾಂಪಿಯನ್ ಎಂದು ಕರೆಯಬೇಕಿಲ್ಲ. ಆ ಬಿರುದು ಹಾಥಾರ್ನ್‌ಗೆ ಮಾಡುವ ಅನ್ಯಾಯ, ಮಾಸ್ ಪೋರ್ತೊದಲ್ಲಿ ಹೇಳಿದ ಸಾಕ್ಷ್ಯಕ್ಕೂ ಅವಮಾನ. 1958ರ ಪಟ್ಟಿಯಲ್ಲಿ ಮೊದಲು ಇರುವುದು ಹಾಥಾರ್ನ್ ಹೆಸರು. ಅದು ಅಲ್ಲೇ ಇರಬೇಕು.